ಮಂಗಳದ ಜೀವಿಗಳೂ ಗೋದತ್ತಿಯ ಹೆಪ್ಪೂ

ಎಲ್ಲ ತಿಳಿದವರಿಂದ ಮನೆಗೆ ತೊಂದರೆಯಿಲ್ಲ, ಏನೂ ತಿಳಿಯದವರಿಂದಲೂ ಇಲ್ಲ. ಮನೆ ಕೆಡುವುದು ನಿನ್ನೆ ಸಂಜೆ ಒಂದು ಲೇಖನ ಓದಿ, ಇವತ್ತು ಬೆಳಗ್ಗೆ ಅದನ್ನು ಇನ್ನೊಬ್ಬರಿಗೆ ತಿಳಿಸಿ ಹೇಳಲು ಹೊರಡುವವರಿಂದ. ನಾನು ಆ ಪಂಗಡದವನು. ಸವಣೂರಿನ ಶಾಲೆಯಲ್ಲಿ ಹನ್ನೊಂದು ವರ್ಷ ವಿಜ್ಞಾನದ ಮಾಸ್ತರಿಕೆ ಮಾಡಿದ ಮೇಲೆ, ಎದುರಿಗೆ ಯಾರಾದರೂ ಸುಮ್ಮನೆ ಕುಳಿತಿದ್ದಾರೆಂದರೆ ಅವರಿಗೆ ಏನನ್ನಾದರೂ ವಿವರಿಸದೆ ಇರುವುದು ನನ್ನಿಂದಾಗುವುದಿಲ್ಲ. ನನ್ನ ಹೆಂಡತಿ ಇಂದಿರಾ ಇದನ್ನು ಮದುವೆಯಾದ ಮೊದಲ ವಾರದಲ್ಲೇ ಕಂಡುಕೊಂಡಳು. ನಾನು "ಈಗ ನೋಡು, ಉಗಿ ಅಂದ್ರ..." ಎಂದು ಬಾಯಿ ತೆರೆದರೆ ಸಾಕು, "ಹಾಲು ಉಕ್ಕಲಿಕತ್ತದ ಅಂತ ಕಾಣ್ತದ" ಎಂದು ಎದ್ದು ಒಳಗೆ ಹೋಗುತ್ತಾಳೆ. ಒಲೆಯ ಮೇಲೆ ಹಾಲಿಲ್ಲದ ಹೊತ್ತಿನಲ್ಲೂ ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತಿರುತ್ತದೆ.

ಎರಡನೆಯ ಮಹಾಯುದ್ಧ ನಡೆದಿದ್ದ ದಿನಗಳವು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಮೋಟಾರುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದವು. ಅಂದರೆ ಏರು ಬಂದಲ್ಲಿ ನಾವೆಲ್ಲ ಇಳಿದು ನೂಕುತ್ತಿದ್ದೆವು. ಭೂಮಿಯ ಮೇಲೇ ಇಷ್ಟು ತಾಪತ್ರಯವಿರುವಾಗ ಬೇರೆ ಗ್ರಹಗಳ ಉಸಾಬರಿ ನಿನಗೇಕೆ ಬೇಕಿತ್ತು ಎಂದು ನೀವು ಕೇಳಬಹುದು. ಇಂದಿರಾ ಕೇಳಿಯೂ ಕೇಳಿದಳು. ಆದದ್ದಿಷ್ಟು. ಶಿಗ್ಗಾಂವಿಯ ವಾಚನಾಲಯದವರು ವಸಂತ ವ್ಯಾಖ್ಯಾನಮಾಲೆಯಲ್ಲಿ ನನಗೊಂದು ದಿನ ಕೊಟ್ಟಿದ್ದರು. ಅದೇ ಹೊತ್ತಿಗೆ ಒಂದು ಹಳೆಯ ಮಾಸಪತ್ರಿಕೆ ನನ್ನ ಕೈಗೆ ಸಿಕ್ಕಿತು. ಮಂಗಳದಲ್ಲಿ ಮನುಷ್ಯರಿದ್ದಾರೆ, ಕಾಲುವೆ ತೋಡಿದ್ದಾರೆ ಎನ್ನುವುದೆಲ್ಲ ಬರೀ ಕಲ್ಪನೆ. ಅಲ್ಲಿ ಚಳಿ ವಿಪರೀತ, ಗಾಳಿ ತೆಳು. ಶುಕ್ರನನ್ನೋ ಮೋಡ ಮುಚ್ಚಿದೆ, ಒಳಗೇನಿದೆಯೆಂದು ಯಾರೂ ಕಂಡಿಲ್ಲ. ಆದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಂಥ ಕಷ್ಟದಲ್ಲೂ ಬದುಕುವಂಥವು, ಅವು ಅಲ್ಲಿ ಇದ್ದರೂ ಇರಬಹುದು ಎಂದು ಅದರಲ್ಲಿ ಬರೆದಿತ್ತು. ಆ "ಇದ್ದರೂ ಇರಬಹುದು" ಎಂಬುದನ್ನು ಎರಡನೆಯ ಸಲ ಓದುವಷ್ಟರಲ್ಲಿ ನಾನು "ಇವೆ" ಎಂದೇ ಓದಿಕೊಂಡಿದ್ದೆ.

ವ್ಯಾಖ್ಯಾನವೆಂದ ಮೇಲೆ ತಾಲೀಮು ಬೇಕು. ಇಂದಿರಾ ಹಾಲಿನ ನೆಪದಲ್ಲಿ ತಪ್ಪಿಸಿಕೊಂಡಳು. ಉಳಿದವಳು ಗೋದತ್ತಿ. ಗೋದತ್ತಿ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. ಮಡಿಯ ಅಡಿಗೆಮನೆ ಪೂರ್ತಿ ಅವಳ ಆಳ್ವಿಕೆ. ದಿನಕ್ಕೆ ಒಂದೇ ಊಟ, ಅದೂ ಮಡಿಯಲ್ಲಿ. ನಡುವೆ ಎದ್ದರೆ ಆವತ್ತಿನ ಊಟ ಮುಗಿದಂತೆ. ಆದ್ದರಿಂದ ಅವಳು ಎಲೆಯ ಮುಂದೆ ಕುಳಿತಾಗ ನಾನು ಹೊಸ್ತಿಲಾಚೆ ಕುಳಿತು ಏನು ಹೇಳಿದರೂ ಕೇಳಲೇಬೇಕು. ಓಡಿಹೋಗಲಾರದ ಶ್ರೋತೃ ಸಿಕ್ಕಳೆಂದು ನಾನು ಹಿಗ್ಗಿದೆನಲ್ಲ, ಆ ಬುದ್ಧಿಗೆ ಏನೆನ್ನಬೇಕು!

"ಅಂಗಾರಕನ ಮೈಮ್ಯಾಲೆ ಹುಳ ಅವ ಅಂತೀಯೇನೋ ಶೀನೂ?" ಎಂದಳು ಗೋದತ್ತಿ, ಸಾರನ್ನ ಮುಗಿಸುತ್ತ.

"ಹುಳ ಅಲ್ಲ ಅತ್ತೀ. ಅದಕ್ಕಿಂತ ಭಾಳ ಸಣ್ಣ ಜೀವ."

"ಪಾಪ, ಮೈಯೆಲ್ಲಾ ತುರಸ್ತಿರಬೇಕು. ಅದಕ್ಕ ಅಂವಗ ಅಷ್ಟು ಸಿಟ್ಟು."

ನಾನು ನಗಲಿಲ್ಲ. ವ್ಯಾಖ್ಯಾನಕಾರನಿಗೆ ಎದುರಿನವರ ಚೇಷ್ಟೆ ಸಹಿಸಿ ಅಭ್ಯಾಸವಿರಬೇಕು. ಅವಳು ಮೊಸರು ಬಡಿಸಿಕೊಂಡು ಕಲಸುತ್ತ, "ಕಣ್ಣಿಗೆ ಕಾಣಂಗಿಲ್ಲ, ಮುಟ್ಟಲಿಕ್ಕೆ ಸಿಗಂಗಿಲ್ಲ ಅಂದ್ರ ಅವು ಅವ ಅಂತ ಹ್ಯಾಂಗ ನಂಬಬೇಕೋ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಶಾಲೆಯಲ್ಲಿ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನು ಉಬ್ಬಿಹೋದೆ. "ಅಷ್ಟು ದೂರ ಯಾಕ ಹೋಗ್ತಿ ಅತ್ತೀ? ನಿನ್ನ ಕೈಯಾಗಿನ ಮೊಸರನ್ನ ತೊಗೋ. ಆ ಒಂದು ತುತ್ತಿನಾಗ ಸವಣೂರು, ಶಿಗ್ಗಾಂವಿ, ಹಾನಗಲ್ಲ ಎಲ್ಲಾ ಕೂಡಿದ್ರೂ ಅಷ್ಟು ಮಂದಿ ಆಗಂಗಿಲ್ಲ, ಅಷ್ಟು ಜೀವ ಅವ!" ಎಂದೆ.

ಅವಳ ಕೈ ನಿಂತಿತು. "ಜೀವಂತ ಅವ?"

"ಜೀವಂತನ ಮತ್ತ! ನಾ ಶಾಲಿಯೊಳಗ ಸೂಕ್ಷ್ಮದರ್ಶಕ ಹಚ್ಚಿ ಕಣ್ಣಾರೆ ನೋಡೇನಿ."

ಗೋದತ್ತಿ ತುತ್ತನ್ನು ಎಲೆಯ ಮೇಲೆ ಮೆಲ್ಲಗೆ ಇಳಿಸಿದಳು. ಎಲೆ ಮಡಿಚಿ ಎದ್ದಳು. ಸಂಜೆ ನೋಡಿದರೆ ಮೊಸರಿನ ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ ಬೋರಲು ಹಾಕಿದ್ದಳು.

ಚಾತುರ್ಮಾಸದಲ್ಲಿ ಒಂದು ತಿಂಗಳು ದಧಿವ್ರತವೆಂದು ನಮ್ಮವರು ಮೊಸರು ಬಿಡುವುದುಂಟು. ಆ ತಿಂಗಳು ಮುಗಿಯುವುದನ್ನೇ ನಾನು ಬೆರಳು ಮಡಿಚಿ ಕಾಯುವವನು. ಅದಾದರೂ ಶಾಸ್ತ್ರದಲ್ಲಿ ಹೇಳಿದ ವ್ರತ, ಅದಕ್ಕೊಂದು ಮುಗಿತಾಯವಿದೆ. ಇದು ನನ್ನ ಬಾಯಿಂದ ಹುಟ್ಟಿದ ವ್ರತ; ಇದಕ್ಕೆ ಉದ್ಯಾಪನೆಯೇ ಇರಲಿಲ್ಲ. ಹೊರಗಿನ ಮೊಸರನ್ನು ಮಡಿಯ ಅಡಿಗೆಮನೆಗೆ ತರುವಂತಿಲ್ಲ. ವೈಶಾಖದ ಉರಿಬಿಸಿಲಿನಲ್ಲಿ ನಾನು ಸಾರನ್ನ ತಿಂದು, ಮತ್ತೆ ಸಾರನ್ನವನ್ನೇ ತಿಂದು ಏಳುತ್ತಿದ್ದೆ. ಮರುದಿನ ಅವಳನ್ನು ಸರಿಮಾಡಲು ಹೋಗಿ, "ಹಂಗ ನೋಡಿದ್ರ ಉಪ್ಪಿನಕಾಯಾಗೂ ಅವ, ದ್ವಾಸಿ ಹಿಟ್ಟಿನಾಗೂ ಅವ, ಕುಡಿಯೋ ನೀರಿನಾಗೂ ಅವ. ಬಿಡಬೇಕಂದ್ರೂ ಬಿಡಲಿಕ್ಕೆ ಬರಂಗಿಲ್ಲ" ಎಂದೆ. ಬಿಡಲಿಕ್ಕೆ ಬರುತ್ತದೆಂದು ಅವಳು ತೋರಿಸಿದಳು. ಉಪ್ಪಿನಕಾಯಿ ಹೋಯಿತು, ದೋಸೆ ಹೋಯಿತು, ನೀರನ್ನು ಕುದಿಸುವುದು ಬಂತು. ಕುದಿಸಿದರೆ ಅವೆಲ್ಲ ಸಾಯುತ್ತವೆಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಇಂದಿರಾ ಕಣ್ಣು ಬಿಟ್ಟಳು, ನಾನು ನುಂಗಿಕೊಂಡೆ.

ಆದರೆ ಎಂಟು ದಿನದಲ್ಲಿ ಇದು ನಗೆಯ ಮಾತಾಗಿ ಉಳಿಯಲಿಲ್ಲ. ಹಲ್ಲಿಲ್ಲದ ಮುದುಕಿಗೆ ಮೊಸರನ್ನವೇ ಊಟ, ಸಂಜೆ ಮೊಸರವಲಕ್ಕಿಯೇ ಫಳಾರ. ಈಗ ಎರಡು ಸೌಟು ಬಿಸಿ ಗಂಜಿ, ಅದೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಗಲ್ಲ ಒಳಗೆ ಹೋಯಿತು. ನೀರು ಸೇದುವಾಗ ಬಾವಿಯ ಕಟ್ಟೆ ಹಿಡಿದು ನಿಲ್ಲತೊಡಗಿದಳು. "ಅತ್ತಿಯವರಿಗೆ ಏನರ ಆದ್ರ ಅದು ನಿಮ್ಮ ಮಂಗಳಗ್ರಹದ ಪ್ರತಾಪ, ನೆನಪಿಡ್ರಿ" ಎಂದಳು ಇಂದಿರಾ. ನನಗೆ ನಿಜವಾಗಿ ಹೆದರಿಕೆಯಾಯಿತು. ಹೋಗಿ ಹೊಸ್ತಿಲಾಚೆ ಕುಳಿತೆ.

"ಅತ್ತೀ, ಅದು ಬರೇ ಊಹೆ. ಇರಬಹುದು, ಇರಲಿಕ್ಕೂ ಇಲ್ಲ."

"ಯಾವುದೋ?"

"ಮಂಗಳದಾಗಿನವು."

"ಮಂಗಳದ್ದು ಯಾಂವ ಕೇಳ್ಯಾನ? ಮೊಸರಿನಾಗಿನವು ಅವನೋ ಇಲ್ಲೋ?"

ನನ್ನ ಪರಿಸ್ಥಿತಿ ನೋಡಿ. ಯಾವುದು ಇದೆಯೋ ಇಲ್ಲವೋ ಎಂದು ನನಗೆ ಗೊತ್ತಿಲ್ಲವೋ ಅದನ್ನು ಶಿಗ್ಗಾಂವಿಯಲ್ಲಿ ಮೇಜು ಗುದ್ದಿ ಇದೆಯೆಂದು ಹೇಳಬೇಕು. ಯಾವುದನ್ನು ಕಣ್ಣಾರೆ ಕಂಡಿದ್ದೇನೋ ಅದನ್ನು ಮನೆಯಲ್ಲಿ ಇಲ್ಲವೆಂದು ಹೇಳಬೇಕು. ಎರಡನೆಯದು ನನ್ನಿಂದಾಗಲಿಲ್ಲ. ವಿಜ್ಞಾನದ ಮೇಲಿನ ನಿಷ್ಠೆ ಎಂದು ಆಗ ಅಂದುಕೊಂಡೆ. ಈಗ ನೋಡಿದರೆ ಬರೀ ಜಂಬ.

ಬಿಡಿಸಿದವಳು ಪಕ್ಕದ ಮನೆಯ ಗೌರವ್ವ. ಅವಳ ಮನೆಯ ಮೊಸರನ್ನು ಬೆಕ್ಕು ಕೆಡವಿತ್ತೆಂದು ಹೆಪ್ಪು ಕೇಳಲು ಬಂದಳು. ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವುದು ನಮ್ಮ ಓಣಿಯಲ್ಲಿ ಇಲ್ಲ. ಗೋದತ್ತಿ ಇಲ್ಲವೆಂದಳು, ಕಾರಣವನ್ನೂ ಹೇಳಿದಳು. ಗೌರವ್ವ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು.

"ಹೆಪ್ಪಿನಾಗ ಜೀವ ಐತಿ ಅಂತ ಮಾಸ್ತರು ಈಗ ಹೇಳಾಕತ್ತಾರೇನ್ರಿ? ಥಂಡಿ ದಿನದಾಗ ನಾವು ಗಡಿಗಿಗೆ ಕಂಬಳಿ ಹೊಚ್ಚಿ ಮಲಗಸ್ತೇವಲ್ಲ, ಮತ್ಯಾಕಂತ ತಿಳಿದಿದ್ರಿ? ದಿನಾ ಹಾಲು ಹಾಕಿದ್ರ ಅವು ಬದುಕ್ತಾವ. ನೀವು ಗಡಿಗಿ ತಿಕ್ಕಿ ಬೋರಲ ಹಾಕಿದ್ರಿ ಅಂದ್ರ ಉಪವಾಸ ಕೆಡವಿ ಕೊಂದಂಗ ಆತಲ್ರಿ ಬಾಯಾರ!"

ಗೋದತ್ತಿ ಕಟ್ಟೆಯ ಮೇಲೆ ಕುಸಿದು ಕುಳಿತಳು. ಆಗ ಅವಳು ಹೇಳಿದ್ದು ನಾನು ಅದುವರೆಗೆ ಕೇಳಿರದ ಸಂಗತಿ. ಅವಳ ಗಂಡನ ಮನೆ ಹಿರೇಕೆರೂರ ಕಡೆಯ ಹಂಸಭಾವಿ. ಗಂಡ ಹೋದ ಮೇಲೆ ತವರಿಗೆ ಹೊರಟವಳ ಕೈಯಲ್ಲಿ ಅತ್ತೆ ಒಂದು ಹೆಪ್ಪಿನ ಗಡಿಗೆ ಇಟ್ಟು, "ಇದನ್ನ ಕೆಡಿಸಬ್ಯಾಡ ತಂಗಿ" ಎಂದಿದ್ದಳಂತೆ. ಆ ಮನೆಯಿಂದ ಅವಳು ತಂದದ್ದು ಅದೊಂದೇ. ಅಂದಿನಿಂದ ಒಂದು ದಿನವೂ ತಪ್ಪದೆ ಅದಕ್ಕೆ ಹಾಲೆರೆದಿದ್ದಳು. ವ್ರತದ ತಿಂಗಳಲ್ಲಿ ತಾನು ತಿನ್ನದೆ ಇದ್ದಾಗಲೂ ಎರೆದಿದ್ದಳು. "ನಿನ್ನ ಮಾತು ಕೇಳಿ ಕೊಂದ್ನಲ್ಲೋ ಶೀನೂ" ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳುತ್ತಿದ್ದಳು, ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಓಣಿಯ ಅರ್ಧ ಮನೆಗಳಲ್ಲಿ ಅದೇ ಹೆಪ್ಪಿನ ಸಂತಾನವಿತ್ತು. ಆದರೆ ಅಲ್ಲಿಂದ ಮಡಿಗೆ ಬರುವಂತಿಲ್ಲ. ಹಾನಗಲ್ಲಿನಲ್ಲಿ ನನ್ನ ದೊಡ್ಡಪ್ಪನ ಮನೆಗೆ ಅವಳೇ ಕೊಟ್ಟದ್ದಿತ್ತು. ಅದನ್ನು ತರಬೇಕು, ಮೋಟಾರಿನಲ್ಲಲ್ಲ, ಎತ್ತಿನ ಗಾಡಿಯಲ್ಲಿ. ಮಡಿಗಾಗಿ ಉಣ್ಣೆಯ ಧಾಬಳಿ ಉಟ್ಟುಕೊಂಡು, ಗಡಿಗೆ ಕೈಯಿಂದಿಳಿಸದೆ, ದಾರಿಯಲ್ಲಿ ಒಬ್ಬರನ್ನೂ ಮುಟ್ಟದೆ. ಬಿಡುವಿದ್ದ ದಿನ ಒಂದೇ, ವ್ಯಾಖ್ಯಾನದ ದಿನ. ಹಿಂದಿನ ಸಂಜೆಯೇ ಹಾನಗಲ್ಲಿಗೆ ಹೋಗಿ, ಶಿಗ್ಗಾಂವಿಯ ಮೇಲೆ ಹಾಯ್ದು ಬರುವುದೆಂದಾಯಿತು.

ಹೀಗಾಗಿ ನೆರೆಯ ಗ್ರಹಗಳ ಜೀವಿಗಳ ವಿಷಯವಾಗಿ ಮಾತಾಡಲು ನಾನು ವೈಶಾಖ ಮಾಸದಲ್ಲಿ ಉಣ್ಣೆ ಸುತ್ತಿಕೊಂಡು, ಎರಡೂ ಕೈಯಲ್ಲಿ ಗಡಿಗೆ ಹಿಡಿದು ವಾಚನಾಲಯದ ಒಳಗೆ ಹೋದೆ. ಕುರ್ಚಿ ಕೊಟ್ಟರು, ಒಲ್ಲೆನೆಂದೆ. ನೀರು ಕೊಟ್ಟರು, ಒಲ್ಲೆ. ಹತ್ತಿರ ಬಂದವರಿಂದ ಮಾರುದ್ದ ಹಿಂದೆ ಸರಿದೆ. ಸೂಕ್ಷ್ಮಜೀವಿಯ ಮುಂದೆ ಎಲ್ಲರೂ ಒಂದೇ ಎಂದು ಬರೆದುಕೊಂಡು ಹೋದವನು ಹೀಗೆ ಸರಿಯುವುದನ್ನು ಕಂಡು ಜನ ಏನೆಂದುಕೊಂಡರೆಂದು ನಾನು ಬಲ್ಲೆ. ಮೇಜು ಗುದ್ದಲು ಕೈ ಖಾಲಿಯಿರಲಿಲ್ಲ, ಹೀಗಾಗಿ "ಇದ್ದರೂ ಇರಬಹುದು" ಎಂದೇ ಹೇಳಬೇಕಾಯಿತು. ಒಬ್ಬರು ಎದ್ದು, "ಒಂದು ಗ್ರಹದಿಂದ ಇನ್ನೊಂದಕ್ಕ ಈ ಜೀವ ಬರಾಕ ಸಾಧ್ಯ ಐತೇನ್ರಿ?" ಎಂದು ಕೇಳಿದರು. ಸಾಧ್ಯವೆಂದು ಪತ್ರಿಕೆಯಲ್ಲಿತ್ತು. ಹಾನಗಲ್ಲಿನಿಂದ ಶಿಗ್ಗಾಂವಿಗೆ ತರುವಷ್ಟರಲ್ಲಿ ಬೆವರಿಳಿಸಿದ ನಾನು, ಭಾಳ ಕಷ್ಟ ಎಂದೆ.

ಕೊನೆಗೆ ಕಾರ್ಯದರ್ಶಿ ಚನ್ನಬಸಪ್ಪನವರು, ಕಾಳಿನ ವ್ಯಾಪಾರಿ, ದೊಡ್ಡ ದೇಹದ ಮನುಷ್ಯ, ಚೆಂಡುಹೂವಿನ ಮಾಲೆ ಹಿಡಿದು ಬಂದರು. ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅವರ ಮುಖದ ಮೇಲಿನ ನಗೆ ಸ್ವಲ್ಪ ಸಣ್ಣದಾಯಿತು. ನನಗೆ ನಾಚಿಕೆಯಾಯಿತು. ನಿಂತು ಕುತ್ತಿಗೆ ಬಗ್ಗಿಸಿದೆ. ಮಾಲೆ ಹಾಕಿದ್ದಲ್ಲದೆ ಅವರು "ಭಾಳ ಛಲೋ ಹೇಳಿದ್ರಿ ಮಾಸ್ತರ!" ಎಂದು ಗಡಿಗೆಸಮೇತ ನನ್ನನ್ನು ತಬ್ಬಿಕೊಂಡರು. ಅಲ್ಲಿಗೆ ಮಡಿ ಮುಗಿಯಿತು. ಮಾಲೆಯನ್ನು ಎತ್ತಿನ ಕೊರಳಿಗೆ ಹಾಕಿ, ಸವಣೂರಿನವರೆಗೂ ಗಾಡಿಯಲ್ಲಿ ಒಂದು ಸುಳ್ಳನ್ನು ಹೊಂದಿಸುತ್ತ ಬಂದೆ. ಉಣ್ಣೆಗೆ ಮೈಲಿಗೆಯಿಲ್ಲ ಎಂಬುದರಿಂದ ಹಿಡಿದು ಶಾಸ್ತ್ರವನ್ನೂ ವಿಜ್ಞಾನವನ್ನೂ ಕೂಡಿಸಿದ, ಬಹಳ ಗಟ್ಟಿಯಾದ ಸುಳ್ಳು.

ಗೋದತ್ತಿ ಹಾಲು ಕಾಸಿ ಆರಿಸಿ ಬಾಗಿಲಲ್ಲೇ ನಿಂತಿದ್ದಳು. "ಯಾರೂ ಮುಟ್ಟಲಿಲ್ಲ ಹೌದಲ್ಲೋ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕಣ್ಣು ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಹೋಯಿತು. ಗಂಟಿನಲ್ಲಿ ಎರಡು ಹಳದಿ ಎಸಳು ಸಿಕ್ಕಿಕೊಂಡಿದ್ದವು. ಅವುಗಳನ್ನು ಉಗುರಿನಿಂದ ಕಿತ್ತು ತುಳಸಿಕಟ್ಟೆಯ ಕಡೆ ಒಗೆದಳು. ಗಡಿಗೆ ನನ್ನ ಕೈಯಿಂದ ತೆಗೆದುಕೊಂಡಳು.

"ಬಾಯಿ ಮುಚ್ಚಿಕೋ ಶೀನೂ, ಏನೂ ಹೇಳಬ್ಯಾಡ" ಎಂದಳು. "ನೀ ಹೇಳಿದ್ದು ಕೇಳಿ ಒಮ್ಮೆ ಊಟ ಬಿಟ್ಟದ್ದು ಸಾಕು."