ಫೋನಿನ ಡಾಕ್ಟರಿಗೆ ಕಂಡ ಹಕ್ಕಿ

ಫೋನಿನ ಡಾಕ್ಟರ ಮೇಲೆ ತುಕಿಮಾನರಿಗಿದ್ದ ತಕರಾರು ಒಂದೇ: ಆಕೆ ವಿಡಿಯೊ ಕರೆಯಲ್ಲಿ ಮನೆಯೊಳಕ್ಕೇ ಬಂದುಬಿಡುತ್ತಾರೆ. ಮೊದಲು ಹಾಗಿರಲಿಲ್ಲ. ಉಬ್ಬಸ ಹೆಚ್ಚಾದಾಗ ಕ್ಲಾಟೆನ್ ಪೇಟೆಯ ಆಸ್ಪತ್ರೆಗೆ ಹೋಗುವುದು, ಮನೆಯಲ್ಲಿ ಬೆಕ್ಕು, ಹಕ್ಕಿ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುವುದು, ಔಷಧಿ ತೆಗೆದುಕೊಂಡು ಬರುವುದು. ಸುಳ್ಳು ಹೇಳುವುದಕ್ಕೆ ಅದೆಂಥ ಅನುಕೂಲದ ಜಾಗ!

ಹಕ್ಕಿ ಇತ್ತು. ಉದ್ದ ಬಾಲದ ಮುರಾಯ್, ಹೆಸರು ಪ್ರಬು. ಭಾನುವಾರ ಹಾಡುಹಕ್ಕಿಗಳ ಪಂದ್ಯ. ಥಂಡಿಗಾಳಿ ತಾಗಬಾರದೆಂದು ತುಕಿಮಾನರು ಪಂಜರವನ್ನು ಮಲಗುವ ಕೋಣೆಯಲ್ಲೇ, ತಮ್ಮ ತಲೆದಿಂಬಿನ ನೇರಕ್ಕೆ ತೂಗುಹಾಕಿದ್ದರು. (ಅದು ಪ್ರಬುವಿನ ಶಯನಾಗಾರ. ಗಂಡ ಹೆಂಡತಿ ಅಲ್ಲಿ ಆಶ್ರಿತರು.)

"ಡಾಕ್ಟರಿಗೆ ಹೇಳಿಬಿಡ್ತೀನಿ ನೋಡಿ" ಎಂದಳು ಹೆಂಡತಿ ಮುರ್ನಿ.

"ಹೇಳು! ಪ್ರಬುನ ಮಾರಿಬಿಡು ಅಂತಾರೆ. ಆಮೇಲೆ ನಾನು ಉಸಿರಾಡಿ ಏನಾಗಬೇಕು?"

"ಈಗ ಆಡ್ತಿರೋದು ಉಸಿರಾ? ತೂತು ಬಿದ್ದ ಪೀಪಿ ಥರ ಕೇಳುತ್ತೆ."

ಸಿಗ್ನಲ್ ಸಿಗುತ್ತಿದ್ದುದು ಆ ಕೋಣೆಯ ಕಿಟಕಿಯ ಬಳಿ ಮಾತ್ರ. ಪಂಜರಕ್ಕೆ ಮುಸುಕು ಹಾಕಿ ತುಕಿಮಾನರು ಫೋನಿನ ಮುಂದೆ ಕುಳಿತರು. ಡಾಕ್ಟರ್ ಹಪ್ಸಾರಿ ಹೇಳಿದಂತೆ ಉಸಿರು ಅಳೆಯುವ ಕೊಳವೆಯನ್ನು ಊದಿದರು. ಮುಳ್ಳು ಕೆಂಪು ಪಟ್ಟಿ ದಾಟಲಿಲ್ಲ, ಎದೆಯೊಳಗೆ ಸಿಳ್ಳೆ ಎದ್ದಿತು. ಪಂದ್ಯಕ್ಕೆ ತಯಾರಾಗಿದ್ದ ಪ್ರಬು ಸುಮ್ಮನಿದ್ದಾನೆಯೇ? ಮುಸುಕಿನೊಳಗಿಂದ ಎದುರುಸಿಳ್ಳೆ ಹಾಕಿದ.

"ಏನದು ಯಜಮಾನರೇ?"

"ಪಕ್ಕದ ಮನೇದು."

"ಮುರಾಯ್ ತಾನೇ? ನಮ್ಮಪ್ಪನೂ ಸಾಕ್ತಾರೆ. ಇದು ಸಾಧಾರಣ ಹಕ್ಕಿ ಬಿಡಿ. ಗಂಟಲಲ್ಲಿ ದಮ್ಮಿಲ್ಲ."

ತುಕಿಮಾನರ ಕಿವಿ ಕೆಂಪಾಯಿತು. ತಮಗೆ ದಮ್ಮಿಲ್ಲ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದರು.

"ದಮ್ಮಿಲ್ವಾ? ಇವನಿಗಾ?" ಎಂದವರೇ ಮುಸುಕು ಕಿತ್ತೆಸೆದು ಪಂಜರವನ್ನು ಫೋನಿಗೆ ಹಿಡಿದರು. "ಬಾಲ ನೋಡಿ, ಎದೆ ನೋಡಿ! ಮೂರು ವರ್ಷದಿಂದ ನನ್ನ ತಲೆ ಮೇಲೇ ಮಲಗ್ತಾನೆ ಡಾಕ್ಟ್ರೇ! ದಿನಾ ಬೆಳಿಗ್ಗೆ ಪಂಜರದ ಧೂಳು ನಾನೇ ಬಾಯಲ್ಲಿ ಊದಿ ತೆಗೀತೀನಿ!"

ಬಾಗಿಲಲ್ಲಿ ನಿಂತಿದ್ದ ಮುರ್ನಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಹಕ್ಕಿ ಚೆನ್ನಾಗೇ ಇದೆ" ಎಂದರು ಡಾಕ್ಟರು, ತಣ್ಣಗೆ. "ನಿಮ್ಮ ಎದೆ ಕೆಡಿಸ್ತಿರೋದು ಅದರ ಪುಕ್ಕದ ಧೂಳೇ ಇರಬೇಕು. ಇನ್ನು ನೀವಿಬ್ರೂ ಒಂದೇ ಕೋಣೇಲಿ ಇರೋ ಹಾಗಿಲ್ಲ. ಪಂಜರ ನೀವು ಮುಟ್ಟಲೂಬಾರದು. ಇನ್‌ಹೇಲರ್ ಬಿಡಬೇಡಿ, ಮುಂದಿನ ವಾರ ಮತ್ತೆ ಊದಿ ತೋರಿಸಿ."

"ಅಯ್ಯೋ, ಭಾನುವಾರ ಪಂದ್ಯ! ಈಗ ಜಾಗ ಬದಲಾಯಿಸಿದ್ರೆ ಹಾಡೋದೇ ನಿಲ್ಲಿಸ್ತಾನೆ."

"ಹಾಗಾದ್ರೆ ಅವನನ್ನ ಕದಲಿಸಬೇಡಿ. ನೀವು ಕದಲಿ."

ಮುರ್ನಿ ಆಗಲೇ ಗಂಡನ ಚಾಪೆ ಸುತ್ತುತ್ತಿದ್ದಳು.

ಜಗುಲಿಯ ಬಿದಿರಿನ ಮಂಚಕ್ಕೆ ಬಂದ ಕೆಲವೇ ದಿನಗಳಲ್ಲಿ ತುಕಿಮಾನರ ಉಸಿರು ಹಗುರವಾಯಿತು. ಕೊಳವೆ ಊದಿದರೆ ಮುಳ್ಳು ಹಸಿರು ಪಟ್ಟಿಯವರೆಗೂ ಏರುತ್ತಿತ್ತು. (ಈ ಅವಮಾನವನ್ನು ಅವರು ಯಾರಿಗೂ ಹೇಳಲಿಲ್ಲ.) ಶನಿವಾರ ಸಂಜೆ ಒಳಗಿನಿಂದ ಮುರ್ನಿಯ ದನಿ ಕೇಳಿಸಿತು. ಮದುವೆಯಾದ ಹೊಸತರಲ್ಲಿ ಕೇಳಿದ್ದ ದನಿ.

"ಹೊಟ್ಟೆ ತುಂಬ್ತಾ ರಾಜಾ? ಇನ್ನೆರಡು ಕೊಡ್ಲಾ?"

ತುಕಿಮಾನರ ಮನಸ್ಸು ಕರಗಿತು. "ಕೊಡೇ. ಜೊತೆಗೆ ಒಂಚೂರು ಸಾಂಬಲ್ ಚಟ್ನಿ ಹಾಕು."

"ನಿಮ್ಮನ್ನ ಯಾರ್ರೀ ಕೇಳಿದ್ರು?" ಎಂದಿತು ಒಳಗಿನ ಹಳೆಯ ದನಿ. "ಮಿಡತೆ ತಿಂತೀರಾ?"