ಮಾಸಾಶನಕ್ಕೊಂದು ನಡಿಗೆ, ಹೆಣ್ಣಿನವರಿಗೊಂದು ನಡಿಗೆ

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಸಿಕ್ಕಿ ಸೊರಗಿದ್ದು. ಮೊಣಕಾಲಿನ ಮೇಲೆ ಕೈ ಒತ್ತಿ ಒತ್ತಿಯೇ ಹೆಜ್ಜೆ ಇಡಬೇಕು. ಹಾಗಾಗಿ ನಾನು ಎಲ್ಲಿಗೂ ಬೇಗ ಹೋಗುವುದಿಲ್ಲ, ಆದರೆ ಅವಮಾನ ಮಾತ್ರ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಎಂಬತ್ತರ ದಶಕದ ಕೊನೆಗೆ, ಗೌರಿಬಿದನೂರಿನಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾಗ ಆದದ್ದು ಇವೆಲ್ಲ. ಈಗ ನಗುತ್ತಾ ಹೇಳುತ್ತೇನೆ. ಆಗ ನಗು ಬಂದಿರಲಿಲ್ಲ.

ಪಂಚೆ ಉಟ್ಟವರು

ನನಗೆ ಅಂಗವಿಕಲರ ಮಾಸಾಶನ ಬರುತ್ತಿತ್ತು. ಅಂಗಡಿ ಬಾಡಿಗೆ ಅದರಲ್ಲೇ ನಡೆಯಬೇಕು. ಆದರೂ ಪೋಸ್ಟ್‌ಮ್ಯಾನ್ ಬೀದಿಯಲ್ಲಿ ನನ್ನ ಹೆಸರು ಕೂಗಿದರೆ ನಾಚಿಕೆಯಿಂದ ತಲೆ ತಗ್ಗಿಸಿಬಿಡುತ್ತಿದ್ದೆ.

ಅದೇ ಸಮಯಕ್ಕೆ ಅಮ್ಮ ನನಗೆ ಹೆಣ್ಣು ಹುಡುಕಲು ದಲ್ಲಾಳಿಗೆ ಹೇಳಿದ್ದಳು. ಹೆಣ್ಣಿನ ಕಡೆಯವರು ಗುಟ್ಟಾಗಿ ವಿಚಾರಿಸಲು ಬಂದರೆ ನಮ್ಮ ಬೀದಿಯಲ್ಲಿ ಯಾರೂ ಗಂಡನ್ನು ಬಿಟ್ಟುಕೊಡುವುದಿಲ್ಲ. ದಿನಾ ಕುಡಿದು ಬೀಳುವವನೂ ಆವತ್ತೊಂದು ದಿನ ಬರೀ ಮಜ್ಜಿಗೆ ಕುಡಿಯುವವನಾಗುತ್ತಾನೆ.

ಒಂದು ಬೆಳಿಗ್ಗೆ ಯಾರೋ ಹಿಟ್ಟಿನ ಗಿರಣಿಯ ಹತ್ತಿರ ನಿಂತು, "ಆ ವಾಚ್ ರಿಪೇರಿ ಹುಡುಗ ಹೆಂಗೆ ನಡೀತಾನೆ?" ಎಂದು ಕೇಳಿದರಂತೆ.

ಗಿರಣಿಯಮ್ಮ ರಾಗಿ ಸುರಿಯುವುದನ್ನೂ ನಿಲ್ಲಿಸದೆ, "ನಡೆಯೋದಾ? ಓಡ್ತಾನೆ ಸ್ವಾಮಿ! ಮೊನ್ನೆ ಹಿಂದೂಪುರದ ರೈಲು ಹೊರಟೇಬಿಟ್ಟಿತ್ತು, ಓಡಿ ಹಿಡಿದ" ಎಂದರಂತೆ.

ಮುಂದಿನ ತಿಂಗಳು ಮನಿಯಾರ್ಡರ್ ಬರಲಿಲ್ಲ. ನೋಟೀಸು ಬಂತು: ವಿಚಾರಣೆಯಿಂದ ನೀವು ನಡೆಯಲು ಶಕ್ತರೆಂದು ತಿಳಿದುಬಂದಿದೆ.

ಗಿರಣಿಯಮ್ಮನನ್ನು ಕೇಳಿದೆ. ಆಕೆ ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡರು. "ಅಯ್ಯೋ ದೇವುಡಾ! ಹೆಣ್ಣಿನ ಕಡೆಯೋರು ಅನ್ಕೊಂಡೆ ಕಣಪ್ಪ. ಪಂಚೆ ಉಟ್ಕೊಂಡು ಬಂದಿದ್ರು. ಸರ್ಕಾರದೋರು ಎಲ್ಲಾದ್ರೂ ಪಂಚೆ ಉಡ್ತಾರಾ?"

ಪ್ಯಾಂಟು ತೊಟ್ಟವರು

ನಾನು ಮೇಲಿನ ಸಾಹೇಬರಿಗೆ ಅಪೀಲು ಹಾಕಿದೆ. ಮತ್ತೆ ವಿಚಾರಣೆಗೆ ಬರಬಹುದು ಎಂದರು. ಗಿರಣಿಯಮ್ಮ ಮನೆಮನೆಗೂ ಹೋಗಿ, "ಈ ಸಲ ಯಾರು ಕೇಳಿದ್ರೂ ಅವನಿಗೆ ನಡೆಯೋಕಾಗಲ್ಲ ಅನ್ನಿ" ಎಂದು ಹೇಳಿ ಬಂದರು.

ಹತ್ತು ಹದಿನೈದು ದಿನಕ್ಕೆ ಅಂಬಾಜಿದುರ್ಗದ ಕಡೆಯ ಹಿರಿಯರೊಬ್ಬರು ಅಂಗಡಿಗೆ ಬಂದು ವಾಚು ಕೊಟ್ಟರು. ನನ್ನ ಕೆಲಸ, ಅಮ್ಮನ ಆರೋಗ್ಯ ಎಲ್ಲ ಕೇಳಿದರು. ಹೆಣ್ಣಿನ ತಂದೆಯೇ ಎಂದು ಗೊತ್ತಾಗಿ ಕಾಲನ್ನು ಮೇಜಿನ ಕೆಳಗೆ ಇನ್ನಷ್ಟು ಎಳೆದುಕೊಂಡೆ. ಕಾಲು ಸ್ವಲ್ಪ ಎಳೆಯುತ್ತದೆ ಎಂದಷ್ಟೇ ದಲ್ಲಾಳಿ ಅವರಿಗೆ ಹೇಳಿದ್ದ. "ವಾಚು ಸಂಜೆ ತಗೋತೀನಿ" ಎಂದು ಹೇಳಿ ಅವರು ನೆಟ್ಟಗೆ ಗಿರಣಿಗೆ ಹೋದರು.

"ಹುಡುಗ ಹೆಂಗಮ್ಮ ನಡೀತಾನೆ?"

"ಎಲ್ಲಿ ನಡೀತಾನೆ ಸ್ವಾಮಿ! ಎದ್ದು ನಿಲ್ಲೋಕೇ ಆಗಲ್ಲ. ಬೆಳಿಗ್ಗೆ ಅವರಮ್ಮ ಎತ್ಕೊಂಡು ಬಂದು ಕೂರಿಸಿದ್ರೆ ರಾತ್ರಿ ಎತ್ಕೊಂಡು ಹೋಗ್ಬೇಕು."

ಅವರು ವಾಚನ್ನೂ ತೆಗೆದುಕೊಳ್ಳದೆ ಬಸ್ಸು ಹತ್ತಿದರು. ಅಮ್ಮ ಜಗಳಕ್ಕೆ ಹೋದರೆ ಗಿರಣಿಯಮ್ಮ ಅಳುತ್ತಾ, "ಈ ಸಲ ಪ್ಯಾಂಟು ಹಾಕ್ಕೊಂಡು ಬಂದಿದ್ರು ಕಣಮ್ಮ!" ಎಂದರು.

ಇಸ್ತ್ರಿ ಅಂಗಿ

ಅಪೀಲಿಗೆ ಚಿಕ್ಕಬಳ್ಳಾಪುರಕ್ಕೆ ಬರಬೇಕೆಂದು ಕರೆ ಬಂತು. ಅರ್ಜಿ ಬರೆದುಕೊಟ್ಟವರು, "ಹಳೇ ಬಟ್ಟೆ ಹಾಕ್ಕೊಂಡು ಹೋಗು, ಗಡ್ಡ ತೆಗೀಬೇಡ" ಎಂದಿದ್ದರು. ಅಮ್ಮ ಕೇಳಬೇಕಲ್ಲ! "ದೊಡ್ಡ ಸಾಹೇಬ್ರ ಮುಂದೆ ಭಿಕ್ಷದೋನ ಥರ ನಿಂತ್ಕೋತೀಯಾ? ನನ್ನ ಮಾನ ಏನಾಗ್ಬೇಕು?" ಎಂದು ಇಸ್ತ್ರಿ ಅಂಗಿ ತೊಡಿಸಿ, ಮುಖಕ್ಕೆ ಪೌಡರು ಬಳಿದು, ಕುಂಕುಮ ಇಟ್ಟು ಕಳಿಸಿದಳು.

ಬಸ್ಸಿನಲ್ಲಿ ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣು ನೋಡೋಕೆ ಹೊರಟ್ಯೇನಪ್ಪ?" ಎಂದಳು.

ನಡೆದು ತೋರಿಸಿ

ಕಚೇರಿಯ ಬಾಗಿಲಲ್ಲಿ ಜವಾನರು ನನ್ನ ಹೆಸರು ಕೂಗಿದರು. ತಲೆಯೆತ್ತಿ ನೋಡಿದೆ. ಖಾಕಿ ಅಂಗಿಯಲ್ಲಿ ನಿಂತಿದ್ದವರು ವಾಚು ಬಿಟ್ಟುಹೋದ ಅದೇ ಹಿರಿಯರು! ಮಾಸಾಶನದ ವಿಷಯ ನಾವು ಅವರಿಂದ ಮುಚ್ಚಿಟ್ಟಿದ್ದೆವು.

ಸಾಹೇಬರು ವರದಿ ಓದಿದರು. "ಓಡಿ ರೈಲು ಹಿಡೀತೀರಂತೆ?" ಗುಮಾಸ್ತರೆಲ್ಲ ನಕ್ಕರು. "ಎಲ್ಲಿ, ಬಾಗಿಲಿಂದ ಇಲ್ಲಿವರೆಗೆ ನಡೆದು ತೋರಿಸಿ."

ದಿನಾ ನಡೆಯುವ ಹಾಗೆ ನಡೆದಿದ್ದರೆ ಸಾಕಿತ್ತು, ಮಾಸಾಶನ ವಾಪಸು ಬರುತ್ತಿತ್ತು. ಆದರೆ ಹೆಣ್ಣಿನ ತಂದೆ ನೋಡುತ್ತಿದ್ದಾರೆ. ಮೊಣಕಾಲಿನ ಮೇಲೆ ಕೈ ಇಡಲು ನಾಚಿಕೆಯಾಯಿತು. ಕೈ ಬೀಸಿಕೊಂಡು, ಎದೆ ಸೆಟೆಸಿ ನಡೆದೆ. ಮೇಜಿನ ತನಕ ಹೇಗೋ ಬಂದೆ. ಅಲ್ಲಿ ಕಾಲು ಮಡಿಚಿಕೊಂಡಿತು. ಆಸರೆಗೆ ಸಿಕ್ಕಿದ್ದು ಮೇಜಿನ ಬಟ್ಟೆ. ಅದರ ಜೊತೆ ಮಸಿ ಕುಡಿಕೆ, ಫೈಲುಗಳು, ಗಂಟೆ ಎಲ್ಲ ನನ್ನ ಮೇಲೆ ಬಂದವು. ಇಸ್ತ್ರಿ ಅಂಗಿ ನೀಲಿಯಾಯಿತು.

"ಸಾಕು ಸಾಕು, ಎತ್ರಿ ಅವರನ್ನ!" ಎಂದು ಸಾಹೇಬರು ಅಲ್ಲೇ ಆದೇಶಕ್ಕೆ ಸಹಿ ಹಾಕಿದರು. ನಾನು ಗೆದ್ದಿದ್ದೆ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತಿತ್ತು.

ಎತ್ತಿದವರು ಆ ಹಿರಿಯರೇ. ವರಾಂಡದ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು.

"ವಾಚು ಆಯ್ತೇನಪ್ಪ?"

"ಆಗಿದೆ ಸಾರ್" ಎಂದೆ. ಮುಖ ನೋಡುವ ಧೈರ್ಯವಿರಲಿಲ್ಲ.

"ನಿಮ್ಮ ಗಿರಣಿಯಮ್ಮ ಹೇಳಿದ್ದು ಕೇಳಿ ನೀನು ಎದ್ದೇ ನಿಲ್ಲಲ್ಲ ಅನ್ಕೊಂಡಿದ್ದೆ. ಇಷ್ಟು ನಡೀತೀಯಲ್ಲ!" ಎಂದರು. ಆಮೇಲೆ ದನಿ ತಗ್ಗಿಸಿದರು. "ನನ್ನ ನೋಡಿ ನೆಟ್ಟಗೆ ನಡೆಯೋಕೆ ಹೋದೆ, ಅಲ್ವಾ?"

ನನ್ನ ಕಣ್ಣು ತುಂಬಿತು. ಹೂಂ ಎಂದೆ.

"ಬೇಜಾರು ಮಾಡ್ಕೋಬೇಡ. ನಮ್ಮ ಹುಡುಗಿ ಕೈ ಅಡುಗೆ ಅಮೃತ ಅಂತ ನಮ್ಮ ಬೀದಿಯೋರೂ ನಿಮ್ಮ ದಲ್ಲಾಳಿಗೆ ಹೇಳಿದ್ದಾರೆ. ನೀನು ಓಡಿ ರೈಲು ಹಿಡಿದೆಯಲ್ಲ, ಅದೂ ಅಷ್ಟೇ ನಿಜ."

ಮದುವೆಯಾಯಿತು. ಮೊದಲ ದಿನ ಸಾರು ಬಾಯಿಗಿಟ್ಟಾಗಲೇ ಗೊತ್ತಾಯಿತು, ಮಾವನವರು ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ಅಂದಿನಿಂದ ಸಾರು ಮಾಡುವವನು ನಾನೇ. ಬೀದಿಯಲ್ಲಿ ಯಾರಾದರೂ ಕೇಳಿದರೆ ಮಾತ್ರ, "ನಮ್ಮವಳ ಕೈ ಅಡುಗೇನಾ? ಅಮೃತ!" ಎನ್ನುತ್ತೇನೆ.