ಕುಂಬಳಕಾಯಿಗೆ ಗಂಡಸಿನ ಕೈ

ವಯಸ್ಸಾದವರ ಮೇಲೆ ಡಾಕ್ಟರರಿಗೆ ಏನೋ ಹಳೆಯ ಹಗೆ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾವು ಚಿಕ್ಕಂದಿನಲ್ಲಿ ಉಪಾಯ ಮಾಡಿ ತಪ್ಪಿಸಿಕೊಂಡ ತರಕಾರಿಗಳನ್ನೆಲ್ಲ ಹುಡುಕಿ ತಂದು ಮತ್ತೆ ನಮ್ಮ ತಾಟಿಗೇ ಬಡಿಸುತ್ತಾರೆ. ಮೊನ್ನೆ ನಮ್ಮ ಡಾಕ್ಟರು ನನಗೆ ಕುಂಬಳಕಾಯಿ ತಿನ್ನಲು ಹೇಳಿದರು. ಕಣ್ಣಿಗೆ ಒಳ್ಳೆಯದಂತೆ, ಹೊಟ್ಟೆಗೆ ಹಗುರವಂತೆ, ಬೆಳಗಿನ ತೊಂದರೆಗಂತೂ ಕೇಳಲೇಬೇಡಿರಂತೆ. ನಾನು ವಿಧೇಯನಾಗಿ ತಲೆಯಾಡಿಸಿದೆ. ಮನಸ್ಸು ಮಾತ್ರ ಅಲ್ಲಿರಲಿಲ್ಲ. ಅದು ಮುಂಬಯಿ ಸರಕಾರದ ಕಾಲದ ಜಮಖಂಡಿಗೆ, ನಮ್ಮ ಮನೆಯ ಪಡಸಾಲೆಗೆ ಓಡಿಹೋಗಿತ್ತು. ಅವ್ವ ನೆನಪಾಗಿ ಗಂಟಲು ಕಟ್ಟಿತು. ಡಾಕ್ಟರು ಅದನ್ನೂ ಒಂದು ರೋಗವೆಂದು ತಿಳಿದು ಬಾಯಿ ತೆರೆಸಿ ನೋಡಿದರು.

ಆಗಿನ್ನೂ ಸಂಸ್ಥಾನ ಹೋಗಿ ಹೊಸ ಸರಕಾರ ಬಂದು ಬಹಳ ದಿನವಾಗಿರಲಿಲ್ಲ. ನಾನು ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಕಚೇರಿಯಲ್ಲಿ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಹೀಗಾಗಿ ಮಾತೆಲ್ಲ ಉಳಿಸಿಕೊಂಡು ಮನೆಗೆ ತರುತ್ತಿದ್ದೆ. ಅಪ್ಪ ಇಲ್ಲದ ಮನೆಯಲ್ಲಿ ಕೇಳಲು ಇದ್ದವರು ಇಬ್ಬರು. ಒಬ್ಬಳು ಅವ್ವ, ಇನ್ನೊಬ್ಬಳು ಹೊಸದಾಗಿ ಬಂದ ಹೆಂಡತಿ ಸುಮತಿ. ಅವಳು ಸಾಂಗ್ಲಿಯವಳು. ಬಂದಾಗಿನಿಂದ ಅವ್ವ ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, "ಸಾಂಗ್ಲಿಯಾಕಿ" ಅನ್ನುತ್ತಿದ್ದಳು. ಆ ವರ್ಷ ಅವ್ವನಿಗೆ ಜ್ವರ ಬಂತು. ಜ್ವರವೇನೋ ಹೋಯಿತು, ಆದರೆ ಹೋಗುವಾಗ ಬಾಯಿರುಚಿಯನ್ನೂ ಕರೆದುಕೊಂಡು ಹೋಯಿತು. ಗಂಜಿ ಬೇಡ, ಹಾಲು ಬೇಡ, ಮೆತ್ತನ್ನ ಅನ್ನ ಬೇಡ. ದಿನದಿನಕ್ಕೆ ಇಳಿದುಹೋದಳು. ಕುಬಸದ ತೋಳು ಸಡಿಲಾಗಿ ಜೋಲುವುದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ವೈದ್ಯರು ಬಂದು, "ಕುಂಬಳಕಾಯಿ ಕೊಡ್ರಿ, ಹಗರ ಇರತದ, ಶಕ್ತೀನೂ ಬರತದ" ಎಂದರು. ಅವ್ವ ಗೋಡೆಯ ಕಡೆ ಹೊರಳಿ, "ಅದನ್ನ ಎಮ್ಮಿಗೆ ಹಾಕ್ರಿ" ಎಂದಳು. ಆಗ ಸುಮತಿ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ, "ನೋಡ್ರಿ, ನಮ್ಮ ತವರಾಗ ಕುಂಬಳಕಾಯಿದು ಕೇಕು ಮಾಡತಿದ್ವಿ. ತತ್ತಿ ಹಾಕೂದಿಲ್ರಿ, ಮೊಸರು, ಬೆಲ್ಲ, ಗೋದಿ ಹಿಟ್ಟು, ತುಪ್ಪ, ಯಾಲಕ್ಕಿ ಅಷ್ಟ. ಅತ್ತಿಯವರು ಒಂದು ತುಣುಕು ಬಾಯಾಗ ಇಟ್ಟುಕೊಂಡ್ರ ಸಾಕು" ಎಂದಳು. ಬೋಗುಣಿಯಲ್ಲಿ ಉಸುಕು ಹಾಸಿ, ಅದರೊಳಗೆ ಹಿಟ್ಟಿನ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರವಬೇಕಂತೆ. ಅವ್ವನ ಕಿವಿಗೆ ಮಾತ್ರ ಜ್ವರ ತಟ್ಟಿರಲಿಲ್ಲ. "ಉಸುಕಿನ್ಯಾಗ ಸುಟ್ಟಿದ್ದು ತಿನ್ನಾಕ ನಾ ಸಂತ್ಯಾಗ ಶೇಂಗಾ ತಿನ್ನೋ ಹುಡುಗೀ ಏನು?" ಎಂದು ಒಳಗಿಂದಲೇ ಕೂಗಿದಳು.

ಹಿಪ್ಪರಗಿಯ ಸೋದರಮಾವ ಹೊಲದಿಂದ ಒಂದು ಕಾಯಿ ಕಳಿಸಿದ. ಕಾಯಿಯೋ, ಬೀಸುವ ಕಲ್ಲೋ! ಸುಮತಿ ಚೂರಿ ಎತ್ತಿದ್ದೇ ತಡ, ಏಳಲು ತ್ರಾಣವಿಲ್ಲದ ಅವ್ವ ಸಟ್ಟನೆ ಎದ್ದು ಕುಳಿತಳು. "ಇಡು ಕೆಳಗ! ಕುಂಬಳಕಾಯಿ ಅಂದ್ರ ಮನಿ ಹಿರೇ ಮಗಾ ಇದ್ದಂಗ. ಹೆಂಗಸರು ಮೊದಲ ಪೆಟ್ಟು ಹಾಕತಾರೇನು?" ಪದ್ಧತಿ ಹಾಗೇ ಇತ್ತು. ಗಂಡಸು ಒಂದು ಪೆಟ್ಟು ಹಾಕಿಕೊಟ್ಟರೆ ಆಮೇಲೆ ಹೆಂಗಸರು ಎಷ್ಟಾದರೂ ಹೆಚ್ಚಬಹುದು. ಕಾಯಿಯ ಗಾತ್ರ ನೋಡಿ ನಾನು ಬಾಜೂ ಮನೆಯವರನ್ನು ಕರೆಯೋಣವೆಂದರೆ, ಅವ್ವ "ಯಾಕ, ನಮ್ಮ ಮನ್ಯಾಗ ಗಂಡಸು ಇಲ್ಲೇನು?" ಎಂದು ಕೇಳಿದಳು.

ಇದ್ದೆನಲ್ಲ, ನಾನು. ಧೋತರ ಎತ್ತಿ ಕಟ್ಟಿ ಚೂರಿ ಹಿಡಿದು ನಿಂತೆ. ಮೊದಲು ಪೆಟ್ಟು ಹಾಕಿ ಆಮೇಲೆ ಮಾತಾಡುವುದು ಜಾಣರ ಕ್ರಮ. ನಾನು ಅವ್ವನ ಮನಸ್ಸು ತಿರುಗಿಸಲೆಂದು ಕುಂಬಳಕಾಯಿಯ ಗುಣಗಳನ್ನು ವರ್ಣಿಸತೊಡಗಿದೆ. ಕಣ್ಣಿನ ಮಾತು ಮುಗಿಸಿ ಪಿತ್ತಕ್ಕೆ ಬರುವಷ್ಟರಲ್ಲಿ ಕಚೇರಿಯ ಸಿಪಾಯಿ ಬಾಗಿಲಿಗೆ ಬಂದ. "ಸಾಹೇಬ್ರು ಫಿರತಿಗೆ ಹೊಂಟಾರ್ರೀ. ಗಾಡಿ ನಿಂತೈತಿ, ಇದ್ದಂಗ ಬರಬೇಕಂತ್ರಿ!" ಸಾಹೇಬರ ಹೆಸರು ಕಿವಿಗೆ ಬಿದ್ದರೆ ನನ್ನ ಕೈಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಚೂರಿ ಅಲ್ಲೇ ಬಿಟ್ಟು ಓಡಿದೆ.

ಮುಧೋಳ ಆಯಿತು, ಬೀಳಗಿ ಆಯಿತು, ಲೋಕಾಪುರ ಆಯಿತು. ಊರೂರು ತಿರುಗುವ ಸಾಹೇಬರ ಫಿರತಿ ಮುಗಿಯಲೊಲ್ಲದು. ಲೋಕಾಪುರದಲ್ಲಿ ಉಂಡ ಮನೆಯವರು ಪ್ರೀತಿಯಿಂದ ಕುಂಬಳಕಾಯಿ ಪಲ್ಯವನ್ನೇ ಬಡಿಸಿದರು. ತುತ್ತು ಇಳಿಯಲಿಲ್ಲ. ತಿರುಗಿ ಬರುವಾಗ ಮೋಟಾರಿನಲ್ಲಿ ಧೂಳು ಕುಡಿಯುತ್ತ ಅದೇ ಚಿಂತೆ. ಅವ್ವ ಇನ್ನೆಷ್ಟು ಸೊರಗಿದ್ದಾಳೋ! ಕಾಯಿಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕುಳಿತು ನನ್ನ ದಾರಿ ನೋಡುತ್ತಿದ್ದಾರೆ; ಗಂಡಸಿಲ್ಲದೆ ಮನೆ ನಿಂತೇ ಹೋಗಿದೆ. ಸುಳ್ಳೇಕೆ ಹೇಳಲಿ, ಹೆದರಿಕೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ಕಾಲಿನ ಜೋಡು ಬಿಚ್ಚುವ ಮೊದಲೇ ಪೆಟ್ಟು ಹಾಕುವುದೆಂದು ನಿಶ್ಚಯಿಸಿಕೊಂಡೆ.

ಹೊಸ್ತಿಲಲ್ಲೇ ತುಪ್ಪ, ಬೆಲ್ಲ, ಏಲಕ್ಕಿಯ ವಾಸನೆ ಬಂತು. ಪಡಸಾಲೆಯಲ್ಲಿ ಅವ್ವ ಗೋಡೆಗೆ ಒರಗಿ, ತೊಡೆಯ ಮೇಲೆ ಕೇಕಿನ ತಾಟು ಇಟ್ಟುಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದಳು. "ಸುಮಾ, ಆ ತಳ ಹತ್ತಿದ್ದು ಕೊಡು, ಅದ ಭಾಳ ಛಲೋ ಅದ" ಎಂದಳು. ಸುಮಾ! ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಅಳು ನುಂಗಿದ ಮೇಲೆ ಪ್ರಶ್ನೆ ಹುಟ್ಟಿತು.

"ಕಾಯಿ ಯಾರು ಒಡದ್ರವ್ವಾ?"

"ನೀನ."

"ನಾ ಲೋಕಾಪುರದಾಗ ಇದ್ದೆನಲ್ಲ!"

ಅವ್ವ ತಾಟಿನಿಂದ ಕಣ್ಣೆತ್ತದೆ ಗೂಟದ ಕಡೆ ಕೈ ಮಾಡಿದಳು. ಅಲ್ಲಿ ನನ್ನ ಹಳೆಯ ಕೋಟು ತೂಗುತ್ತಿತ್ತು. "ನಾ ಉಣ್ಣೂದಿಲ್ಲಂತ ಈ ಹುಡುಗೀನೂ ಉಪಾಸ ಕುಂತ್ಲು. ಆ ಕಾಯಿ ಮುಂದ ಕುಂತು ಅಳಾಕತ್ತಿದ್ಲು. ನೋಡಿಕೋತ ಹೆಂಗ ಕುಂಡ್ರಲಿ? ಕೋಟಿನ ತೋಳಾಗ ಕೈ ಹಾಕಿ ಚೂರಿ ಹಿಡಿ ಅಂತ ನಾನ ಹೇಳಿದೆ. ಕೋಟು ಗಂಡಸರದ ಹೌದಲ್ಲೋ? ಒಂದ ಪೆಟ್ಟಿಗೆ ಎರಡು ಹೋಳಾತು ನೋಡು!"

ಸುಮತಿ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಆಮೇಲೆ ನಮ್ಮ ಮನೆಗೆ ಕುಂಬಳಕಾಯಿ ಬಂದಾಗಲೆಲ್ಲ, ನಾನು ಪಡಸಾಲೆಯಲ್ಲೇ ಕುಳಿತಿದ್ದರೂ, ಅತ್ತೆ ಸೊಸೆ ಇಬ್ಬರೂ ನನ್ನನ್ನು ದಾಟಿಕೊಂಡು ಹೋಗಿ ಕೋಟನ್ನು ಇಳಿಸುತ್ತಿದ್ದರು.